ನೀರಿನ ಕೆಳಗೆ ಅವ್ವನ ಓಣಿ

ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಅಲೆಪ್ಪಿಯ ಹೌಸ್‌ಬೋಟ್ ಫೋಟೋ ಹಾಕಿದರೆ ಮುಂದಿನ ಪ್ರಶ್ನೆ ನನಗೇ: "ನಿಮ್ಮ ಸವದತ್ತಿ ಕಡೆ ಏನೈತ್ರಿ?" ಹೌಸ್‌ಬೋಟ್ ಅಂತೂ ಇಲ್ಲ. ಇರುವುದು ರೇಣುಕಾ ಸಾಗರ, ಅದರಿಂದ ಹೊರಡುವ ಕಾಲುವೆಗಳು, ಮೀನುಗಾರರ ದೋಣಿ. ಕಳೆದ ಏಪ್ರಿಲ್‌ನಲ್ಲಿ ಅವ್ವನನ್ನು ಕರೆದುಕೊಂಡು ಅಂಥದ್ದೇ ದೋಣಿಯಲ್ಲಿ ಒಂದಿಡೀ ದಿನ ಸುತ್ತಿದೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬೈಲಹೊಂಗಲ ತಾಲ್ಲೂಕು ದಾಟಿ ಬಂದು, ನವಿಲುತೀರ್ಥದಲ್ಲಿ ಗುಡ್ಡದ ಇಕ್ಕಟ್ಟಾದ ಸಂದಿಯಲ್ಲಿ ನುಸುಳಿ ರಾಮದುರ್ಗದ ಕಡೆ ಹೋಗುತ್ತಾಳೆ. ಆ ಸಂದಿಗೇ 1970ರ ದಶಕದಲ್ಲಿ ಅಣೆಕಟ್ಟು ಬಂತು. ತುಂಬಿದರೆ 37 ಟಿಎಂಸಿ ಮೀರಿ ನೀರು. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಇಲ್ಲಿಂದಲೇ ಬರುತ್ತದೆ. ಹಿಂದೆ ಸರಿದವರು ಮಾತ್ರ ಊರು ಬಿಟ್ಟವರು. ಅವ್ವ ಆಗ ಎಂಟು ವರ್ಷದವಳು.

ದೋಣಿಯಲ್ಲಿ ಇದ್ದದ್ದು ಒಂದೇ ಲೈಫ್ ಜಾಕೆಟ್. ಅದನ್ನು ಅವ್ವನಿಗೆ ಹಾಕಿದೆವು. ಬೇಸಿಗೆಯಾದ್ದರಿಂದ ನೀರು ಬಹಳ ಇಳಿದಿತ್ತು. ದಂಡೆಯ ಕೆಸರು ಬಿರುಕು ಬಿಟ್ಟು ಅಲ್ಲಿ ಯಾರೋ ಸೌತೆ ಬಿತ್ತಿದ್ದರು. ಮೊದಲ ಒಂದು ತಾಸು ಅವ್ವ ಏನೂ ಮಾತಾಡಲಿಲ್ಲ. ಆಮೇಲೆ ಒಮ್ಮೆಲೇ, "ತಮ್ಮಾ, ಸ್ವಲ್ಪ ಎಡಕ್ಕ ತಿರುಗಸು" ಅಂದಳು. ಅವಳು ಹುಡುಕುತ್ತಿದ್ದುದು ನೀರಲ್ಲಿ ಅಲ್ಲ, ಮೇಲೆ. ಅವರ ಮನೆಯ ಕಟ್ಟೆಯ ಮೇಲೆ ನಿಂತರೆ ಯಲ್ಲಮ್ಮನ ಗುಡ್ಡ ಎಲ್ಲಿ ಕಾಣುತ್ತಿತ್ತೋ, ಅದೇ ಜಾಗಕ್ಕೆ ಗುಡ್ಡ ಬರುವವರೆಗೂ ದೋಣಿ ಸರಿಸಿದಳು. "ಸಾಕು, ಇಲ್ಲೇ."

ದೋಣಿಯವನು ಉದ್ದನೆಯ ಬಿದಿರು ಇಳಿಸಿದ. ಮೆತ್ತಗೆ ಹೋಗಿ ಹೋಗಿ ಟಕ್ ಅಂತ ಏನಕ್ಕೋ ತಾಗಿತು. ಕಲ್ಲು. ಯಾವ ಕಲ್ಲಾದರೂ ಆಗಿರಬಹುದು, ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವ್ವ ಬಿದಿರು ಇಸಿದುಕೊಂಡು ತಾನೇ ಎರಡು ಸಲ ಕುಟ್ಟಿದಳು, ಬಾಗಿಲು ಬಡಿದ ಹಾಗೆ.

ಅಲ್ಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಊಟ ಮಾಡುತ್ತಾ ಅವ್ವ ಓಣಿಯ ಮನೆಗಳನ್ನು ಸಾಲಾಗಿ ಹೇಳಿದಳು: ಬಡಗ್ಯಾರ ಮನಿ, ಅಜ್ಜಿಯ ಹಗೇವು, ಹುಣಸಿ ಗಿಡ. ನಾನು ಫೋನಿನಲ್ಲಿ ಬರೆದುಕೊಂಡೆ. ಹದಿಮೂರು ಮನೆ. ಒಂದರ ಹೆಸರು ನೆನಪಾಗದೆ ಸಂಜೆವರೆಗೂ ಪೇಚಾಡಿದಳು.

ಹೊತ್ತು ಇಳಿದ ಮೇಲೆ ಕಾಲುವೆ ದಂಡೆ ಮೇಲೆ ನಡೆದೆವು. ಇದೇ ಮಲಪ್ರಭೆ ಕಾಲುವೆಯ ಕರದ ವಿರುದ್ಧ 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಎದ್ದದ್ದು, ಗೋಲಿಬಾರ್ ಆದದ್ದು. ನೀರು ಕೊಟ್ಟವರಿಗೂ ಕಷ್ಟ, ಪಡೆದವರಿಗೂ ಕಷ್ಟ. "ನಮ್ಮದು ಮುಳುಗಿದ್ರೂ ಯಾರದರ ಹೊಲ ಹಸರಾತಲ್ಲ" ಅಂತ ನಾನು ಅಂದೆ. ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹೊರಡುವಾಗ ದೋಣಿಯವನಿಗೆ ತನ್ನ ನಂಬರ್ ಕೊಟ್ಟಳು. "ಮುಂದಿನ ಬ್ಯಾಸಗ್ಯಾಗ ನೀರು ಇನ್ನೂ ಇಳದು ಕಲ್ಲು ಕಂಡ್ರ ಒಂದು ಫೋನ್ ಹಚ್ಚು."

ಜೂನ್‌ನಲ್ಲಿ ಮಳೆ ಹಿಡಿಯಿತು. ಹದಿಮೂರನೇ ಮನೆಯ ಹೆಸರು ಮೊನ್ನೆ ರಾತ್ರಿ ಹನ್ನೊಂದಕ್ಕೆ ನೆನಪಾಯಿತಂತೆ. ಕಂಬಾರರದು. ಆಗಲೇ ನನಗೆ ಫೋನ್ ಮಾಡಿ ಹೇಳಿದಳು, ಬರೆದುಕೊ ಅಂತ.