ಬೆಲಿಲಿಯಸ್ ರೋಡಿನ ಮೂಸೆ

ಎಂ.ಟೆಕ್ ಓದುವ ಮೊಮ್ಮಗಳು ಮೊನ್ನೆ ವಿಡಿಯೊ ಕಾಲ್ ಮಾಡಿ ಕೇಳಿದಳು: "ಅಜ್ಜ, ಹೌರಾದಲ್ಲಿ ಸ್ಟರ್ ಕಾಸ್ಟಿಂಗ್ ಮಾಡುವಾಗ ವೇಗ ಎಷ್ಟಿರಬೇಕು ಅಂತ ಹೇಗೆ ಗೊತ್ತಾಗ್ತಿತ್ತು?" ಕರಗಿದ ಅಲ್ಯೂಮಿನಿಯಂಗೆ ಗಟ್ಟಿ ಪುಡಿ ಹಾಕಿ, ತಿರುವಿ, ಎರಕ ಹೊಯ್ಯುವ ಕೆಲಸ ಅದು. ಶಾಖ, ವೇಗ, ಸಮಯ, ಪುಡಿಯ ಪ್ರಮಾಣ, ನಾಲ್ಕಕ್ಕೂ ಮೂರು ಮೂರು ಮಟ್ಟ ಇಟ್ಟು ಟಾಗುಚಿ ಕೋಷ್ಟಕದ ಪ್ರಕಾರ 9 ಎರಕದಲ್ಲಿ ಅವಳ ಕೆಲಸ ಮುಗಿಯುತ್ತದಂತೆ. ನಮಗೆ ಒಂದು ಚಳಿಗಾಲ ಹಿಡಿದಿತ್ತು.

ಬೆಲಿಲಿಯಸ್ ರೋಡಿನ ಒಳಗಲ್ಲಿಯಲ್ಲಿತ್ತು ಶೆಡ್ಡು. ಭದ್ರಾವತಿಯಿಂದ ಹೋದ ನಾನು ಹೆಸರಿಗೆ ಸೂಪರ್‌ವೈಸರ್. ಕೆಲಸ ಬಲ್ಲವರು ಛಪ್ರಾ ಕಡೆಯ ಬಡಾ ಮಿಸ್ತ್ರಿ. ಗುಜರಿಯವನು ತಂದ ರಾಶಿಯಲ್ಲಿ ಪಿಸ್ಟನ್ ಬೇರೆ, ಪಾತ್ರೆ ಬೇರೆ ಆಗುವ ತನಕ ಅವರು ರೇಟು ಮಾತಾಡುತ್ತಿರಲಿಲ್ಲ. ಪಿಸ್ಟನ್ನಿನಲ್ಲಿ ಸಿಲಿಕಾನ್ ಇರುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅರ್ಧ ಗಂಟೆ ಚೌಕಾಸಿ, ಕೊನೆಗೆ ಇಬ್ಬರಿಗೂ ಮಣ್ಣಿನ ಭಾಂಡ್‌ನಲ್ಲಿ ಚಹಾ.

ಪಂಪಿನ ಭಾಗ ಬೇಗ ಸವೆಯುತ್ತದೆಂದು ಗಿರಾಕಿ ದೂರಿದಾಗ, ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸೋಣವೆಂದೆ. ಎಂ.ಕೆ. ಸೂರಪ್ಪ, ಪ್ರದೀಪ್ ರೋಹಟ್ಗಿ 1981ರಲ್ಲಿ ಪ್ರಕಟಿಸಿದ್ದ ಲೇಖನದ ಪ್ರತಿ ನನ್ನಲ್ಲಿತ್ತು. ಮೊದಲ ದಿನ ಪುಡಿ ಲೋಹದೊಳಗೆ ಇಳಿಯಲೇ ಇಲ್ಲ, ಕಿಟ್ಟದ ಜೊತೆ ಮೇಲೇ ನಿಂತಿತು. ಪುಡಿಯನ್ನು ಚೆನ್ನಾಗಿ ಕಾಯಿಸಿ, ಚೂರು ಮೆಗ್ನೀಷಿಯಂ ಹಾಕಿದ ಮೇಲೆ ಹೊಂದಿಕೊಂಡಿತು. ಆಮೇಲೆ ಇನ್ನೊಂದು ಪೇಚು. ಮೊದಲು ಹೊಯ್ದ ತುಂಡು ಲೇತಿನಲ್ಲಿ ಬೆಣ್ಣೆ. ಕೊನೆಯದು ಟೂಲಿನ ಮೂತಿಯನ್ನೇ ತಿಂದುಹಾಕಿತು. ಭಾರದ ಪುಡಿ ತಳ ಸೇರಿತ್ತು, ಪಂಕ್ತಿಯಲ್ಲಿ ಸೌಟು ತಳ ಮುಟ್ಟಿಸದೆ ಬಡಿಸಿದ ಹುಳಿಯ ಹಾಗೆ. ಜೋರಾಗಿ ತಿರುವಿದರೆ ಗಾಳಿ ಹೊಕ್ಕು ಎರಕವೆಲ್ಲ ತೂತು. ಹಳೇ ಡ್ರಿಲ್ಲಿಂಗ್ ಮಷೀನಿಗೆ ರೆಕ್ಕೆ ಕೂರಿಸಿದ್ದೆವು. ಮಿಸ್ತ್ರಿ ಪುಲ್ಲಿಯ ಮೇಲೆ ಬೆಲ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತ, ಮೂಸೆಯೊಳಗಿನ ಸುಳಿಯನ್ನೇ ನೋಡುತ್ತ ನಿಂತರು. ಒಂದು ಸಂಜೆ ಬೊಗಸೆ ಮಾಡಿ ತೋರಿಸಿ, "ಬಸ್ ಬಾಬು, ಇಷ್ಟೇ" ಅಂದರು.

ಗ್ಯಾಸು ತೆಗೆಯಲು ಹೆಕ್ಸಾಕ್ಲೋರೋಈಥೇನ್ ಗುಳಿಗೆ ಮುಳುಗಿಸುತ್ತಿದ್ದೆವು. ಪೊಟ್ಟಣ ಬಿಚ್ಚಿದಾಗ ಕರ್ಪೂರದ ವಾಸನೆ, ಮೂಸೆಗೆ ಇಳಿಸಿದೊಡನೆ ಗಂಟಲು ಕೊಯ್ಯುವ ಬಿಳಿ ಹೊಗೆ. ಈಗಲೂ ದೇವರ ಮನೆಯಲ್ಲಿ ಕರ್ಪೂರ ಹಚ್ಚಿದರೆ ನನಗೆ ಹೌರಾ ನೆನಪಾಗುತ್ತದೆ. ಆ ಹೊಗೆಯೆದುರು ಮಿಸ್ತ್ರಿಯ ಮೂಗಿಗಿದ್ದದ್ದು ಒಂದು ಗಮಛಾ ಬಟ್ಟೆ. ಕೆಮ್ಮು ಅವರನ್ನು ಕೊನೆಗೂ ಬಿಡಲಿಲ್ಲ. ಈ ಪ್ರಯೋಗದ ರಿಪೋರ್ಟು ಬರೆದವನು ನಾನು. ಅದರಲ್ಲಿ ಅವರ ಹೆಸರಿಲ್ಲ.

ಈಗ ಶೆಡ್ಡಿನ ಜಾಗದಲ್ಲಿ ಫ್ಲ್ಯಾಟುಗಳು. ಪೂರ್ವದ ಶೆಫೀಲ್ಡ್ ಅನ್ನಿಸಿಕೊಂಡ ಊರಿನಲ್ಲಿ ಲೋಹ ಕರಗಿಸುವವನಿಗಿಂತ ಸೈಟು ಮಾರುವವನಿಗೆ ಮರ್ಯಾದೆ. ನೋಡಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

"ಸುಳಿ ಎಷ್ಟು ಆಳ ಅಜ್ಜ? ಮಿಲಿಮೀಟರಿನಲ್ಲಿ ಹೇಳಿ," ಅಂದಳು ಮೊಮ್ಮಗಳು, ಪೆನ್ನು ಹಿಡಿದು. ನಾನು ಫೋನನ್ನು ಮೇಜಿಗೆ ಒರಗಿಸಿ, ಎರಡೂ ಕೈ ಸೇರಿಸಿ ಬೊಗಸೆ ಮಾಡಿ ತೋರಿಸಿದೆ.