ಒಲ್ಲೆನೆನ್ನುವ ಕಷ್ಟ

ದೂರವಾಣಿಯು ಮನೆಗೆ ಬರಬೇಕಾದರೆ ಗೃಹಸ್ಥನು ತಪಸ್ಸು ಮಾಡಬೇಕಾಗಿದ್ದ ಕಾಲವೊಂದಿತ್ತೆಂದರೆ ಈಗಿನ ತರುಣರು ನಗುವರು. ಅಂಚೆ ಮತ್ತು ತಂತಿ ಇಲಾಖೆಗೆ ಅರ್ಜಿಯನ್ನೂ ಠೇವಣಿಯನ್ನೂ ಸಲ್ಲಿಸಿ, ಸರದಿಯ ಪಟ್ಟಿಯಲ್ಲಿ ತನ್ನ ಹೆಸರು ಮೇಲೇರುವುದನ್ನು ವರ್ಷಗಟ್ಟಲೆ ಕಾಯುತ್ತ, ಅಲ್ಲಿಯವರೆಗೆ ನೆರೆಮನೆಯವರ ಸಂಖ್ಯೆಯ ಪಕ್ಕದಲ್ಲಿ 'ಪಿ.ಪಿ.' ಎಂದು ಬರೆದು ಬಂಧುಬಳಗಕ್ಕೆಲ್ಲ ಹಂಚಿ, ಆ ಮನೆಯ ಹುಡುಗನು ಗೋಡೆಯಾಚೆಯಿಂದ "ಫೋನ್ ಬಂದದರೀ" ಎಂದು ಕೂಗಿದೊಡನೆ ಎಂಜಲು ಕೈಯಲ್ಲಿಯೇ ಓಡುತ್ತಿದ್ದವರಿಗೆ, ಆ ಕರಿಯ ಯಂತ್ರದ ಗಂಟೆ ಬಾರಿಸಿತೆಂದರೆ ಸಾವೋ ಹೆರಿಗೆಯೋ ಮದುವೆಯ ಮಾತೋ ಮೂರರಲ್ಲೊಂದು ಇದ್ದೇ ಇರಬೇಕೆಂಬ ನಂಬಿಕೆಯಿತ್ತು. ಕಾರಣವಿಲ್ಲದೆ ಯಾರೂ ಕರೆಯುತ್ತಿರಲಿಲ್ಲ. ಕರೆಯುವುದಕ್ಕೆ ಹಣ ತೆರಬೇಕಾಗಿತ್ತು. 1995ರ ಜುಲೈ 31ರಂದು ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸುಗಳು ಕಲ್ಕತ್ತೆಯಿಂದ ದೆಹಲಿಯ ಸಂಪರ್ಕ ಸಚಿವ ಸುಖರಾಮರೊಡನೆ ಮಾತನಾಡಿ ದೇಶದಲ್ಲಿ ಮೊಬೈಲಿನ ಯುಗವನ್ನು ಆರಂಭಿಸಿದ ಮೇಲೆಯೂ ಕೆಲವು ವರ್ಷ, ಕರೆದವನಷ್ಟೇ ಅಲ್ಲ, ಕರೆಗೆ ಓಗೊಟ್ಟವನೂ ದುಡ್ಡು ಕೊಡಬೇಕಾಗಿತ್ತು. 2003ರಲ್ಲಿ ಕರೆದವನೇ ತೆರತಕ್ಕದ್ದೆಂಬ ನಿಯಮವು ಬಂದು ಒಳಬರುವ ಕರೆಗಳು ಉಚಿತವಾದುವು. ನಾವೆಲ್ಲರೂ ಸಂತೋಷಪಟ್ಟೆವು. ಆ ಉಚಿತದ ಬಾಗಿಲಿನಿಂದಲೇ ವ್ಯಾಪಾರಿಯು ಒಳಹೊಕ್ಕನು.

ನಾವಿರುವ ಪಟಾನ್‌ಚೆರು ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯ ಮೇಲಿದೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆಯನ್ನು ವಿದ್ವಾಂಸರು ಇದೇ ಊರೆಂದು ಗುರುತಿಸಿರುವರು. ಹನ್ನೊಂದನೆಯ ಶತಮಾನದಲ್ಲಿ ಜಗದೇಕಮಲ್ಲನೆಂಬ ಬಿರುದಿನ ಜಯಸಿಂಹನು ಇಲ್ಲಿ ನೆಲೆವೀಡು ಮಾಡಿದ್ದನು. ಅವನ ರಾಣಿ ಸುಗ್ಗಲದೇವಿಗೆ ದೇವರ ದಾಸಿಮಯ್ಯನು ದೀಕ್ಷೆಯನ್ನಿತ್ತನೆಂದು ವೀರಶೈವ ಪುರಾಣಗಳು ಹೇಳುತ್ತವೆ. ಬೀದರಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ನೆಲಸಿದ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನದ ವಿಷಯ. ಆಮೇಲೆ ಬಹುಕಾಲ ಮರೆತಂತಿದ್ದ ಈ ಊರಿಗೆ 1972ರಲ್ಲಿ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನೆಯ ಸಂಸ್ಥೆಯೂ, ಅದರ ಹಿಂದುಮುಂದೆಯೇ ಔಷಧ ಮತ್ತು ರಸಾಯನಗಳ ಕಾರ್ಖಾನೆಗಳೂ, ಕಾರ್ಖಾನೆಗಳೊಡನೆ ಸುಪ್ರೀಂ ಕೋರ್ಟಿನವರೆಗೆ ಹೋದ ಮಾಲಿನ್ಯದ ವ್ಯಾಜ್ಯವೂ ಬಂದುವು. ಈಗ ಬಂದಿರುವುದು ನೆಲದ ವ್ಯಾಪಾರ. ಹೊರವರ್ತುಲ ರಸ್ತೆಯು ಮುತ್ತಂಗಿಯ ಬಳಿ ಹೆದ್ದಾರಿಯನ್ನು ದಾಟಿದಂದಿನಿಂದ, ಅದರಾಚೆ ಇನ್ನೊಂದು ಪ್ರಾದೇಶಿಕ ವರ್ತುಲ ರಸ್ತೆಯು ಬರುವುದೆಂಬ ಸುದ್ದಿ ಹಬ್ಬಿದಂದಿನಿಂದ, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದಿನವರೆಗೂ ಜೋಳ ಹತ್ತಿಗಳ ಹೊಲಗಳಲ್ಲಿ ಬಣ್ಣದ ಬಾವುಟಗಳೂ ಸುಣ್ಣ ಬಳಿದ ಗಡಿಗಲ್ಲುಗಳೂ ಎದ್ದಿವೆ. ಆ ಕಲ್ಲುಗಳ ನಡುವಣ ಚೌಕಗಳನ್ನು ಕೊಳ್ಳತಕ್ಕ ಪುಣ್ಯವಂತನು ನಾನೇ ಎಂದು ಯಾರು ನಿಶ್ಚಯಿಸಿದರೋ ತಿಳಿಯದು, ಊಟವಾಗಿ ಎಲೆಯಡಿಕೆಯ ತಟ್ಟೆಗೆ ಕೈ ನೀಡುವ ಹೊತ್ತಿಗೆ ಸರಿಯಾಗಿ ಫೋನು ಬಾರಿಸುತ್ತದೆ, "ಸಾರ್, ಒಕ್ಕ ನಿಮಿಷಂ ಮಾಟ್ಲಾಡಚ್ಚಾ?" ಎಂದು ಮಧುರವಾದ ತೆಲುಗು ಕೇಳಿಬರುತ್ತದೆ.

ಒಲ್ಲೆನೆಂದು ಹೇಳಿ ಕೆಳಗಿಡಬಾರದೆ, ಎಂದು ಕೇಳುವವರುಂಟು. ಒಲ್ಲೆನೆನ್ನುವುದು ಅಷ್ಟು ಸುಲಭವಾಗಿದ್ದರೆ ನಮ್ಮ ಹಿರಿಯರು ಅದಕ್ಕಾಗಿ ಇಷ್ಟೊಂದು ಉಪಾಯಗಳನ್ನು ಏಕೆ ಕಲ್ಪಿಸುತ್ತಿದ್ದರು? ನಮ್ಮ ಮನೆಗಳಲ್ಲಿ ಸಂಜೆಯ ಮೇಲೆ ಉಪ್ಪು ಕೇಳಲು ಬಂದವಳಿಗೂ ಇಲ್ಲವೆನ್ನುವಂತಿಲ್ಲ. ಭಿಕ್ಷುಕನಿಗೆ 'ಮುಂದಕ್ಕೆ ಹೋಗಪ್ಪಾ' ಎನ್ನುವೆವು. ಸಾಲ ಕೇಳಿದ ನಂಟನಿಗೆ 'ಸುಗ್ಗಿ ಮುಗಿಯಲಿ' ಎನ್ನುವೆವು. ಹೆಣ್ಣು ಒಪ್ಪಿಗೆಯಾಗದಿದ್ದರೆ 'ಊರಿಗೆ ಹೋಗಿ ಕಾಗದ ಬರೆಯುತ್ತೇವೆ' ಎಂದು ಉಪ್ಪಿಟ್ಟು ತಿಂದು ಏಳುವೆವು. ಹೇಳಿದವನಿಗೂ ಕೇಳಿದವನಿಗೂ ಅರ್ಥವು ಗೊತ್ತಿರುತ್ತದೆ. ಯಾರ ಮುಖವೂ ಬಾಡುವುದಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ, ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತೆಗೆಯಿಸುವ ದೆವ್ವವೊಂದು ತಿರುಗುತ್ತಿದೆಯೆಂಬ ಗುಲ್ಲೆದ್ದಾಗ, ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರಲ್ಲದೆ 'ಬರಬೇಡ' ಎಂದು ಬರೆಯಲಿಲ್ಲ. ದೆವ್ವಕ್ಕೂ ಮುಖ ಮುರಿದು ಮಾತನಾಡದ ಜನ ನಾವು. ಆ ದೆವ್ವವೂ ಮರ್ಯಾದಸ್ಥರ ಮನೆಯದಾಗಿದ್ದಿರಬೇಕು. ಬರೆದುದನ್ನು ಓದಿಕೊಂಡು ಹಿಂದಿರುಗುತ್ತಿತ್ತಂತೆ.

ದೂರವಾಣಿಯ ವ್ಯಾಪಾರಿಗೆ 'ನಾಳೆ' ಎಂದು ಹೇಳಿ ನೋಡಿ. ನಾಳೆ ಹನ್ನೊಂದು ಗಂಟೆಗೆ ಸರಿಯಾಗಿ ಅವನು ಬರುತ್ತಾನೆ. 'ಈಗ ಊಟ ಮಾಡುತ್ತಿದ್ದೇನೆ' ಎಂದರೆ ಊಟವಾಯಿತೇ ಎಂದು ವಿಚಾರಿಸಿಕೊಂಡು ಬರುತ್ತಾನೆ. ನಾವು ನಿರಾಕರಣೆಯೆಂದು ಆಡಿದುದು ಆ ಕಡೆಯ ಗಣಕಯಂತ್ರದಲ್ಲಿ ವಾಗ್ದಾನವಾಗಿ ದಾಖಲಾಗಿ, 'ಫಾಲೋ ಅಪ್' ಎಂಬ ಕಲಮಿನಲ್ಲಿ ತಾರೀಖು ವೇಳೆಗಳೊಡನೆ ನಮ್ಮನ್ನು ಕಾದು ಕುಳಿತಿರುತ್ತದೆ. ಇದರಲ್ಲಿ ನನಗೆ ನೋವಾಗುವುದು ನಿದ್ರಾಭಂಗದಿಂದಲ್ಲ. ತಲೆತಲಾಂತರದಿಂದ ಸವೆದು ನಯವಾದ ಶಿಷ್ಟಾಚಾರವೊಂದನ್ನು, ಅದರ ಅರ್ಥವನ್ನು ಚೆನ್ನಾಗಿ ಬಲ್ಲವರೇ ಬೇಕೆಂದು ತಪ್ಪಾಗಿ ತಿಳಿದುಕೊಂಡು, ಅದರ ಮೇಲೆಯೇ ವ್ಯಾಪಾರವನ್ನು ಕಟ್ಟಿಕೊಂಡಿರುವರು. ಅದು ನನ್ನ ದೂರು.

ಸರ್ಕಾರವು ಸುಮ್ಮನೆ ಕುಳಿತಿಲ್ಲ. 2005ರಲ್ಲಿ ವಕೀಲರೊಬ್ಬರು ಈ ಕರೆಗಳ ಕಾಟವನ್ನೇ ಸುಪ್ರೀಂ ಕೋರ್ಟಿನ ಮುಂದಿಟ್ಟರು. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿಯೊಂದನ್ನು ವಿಧಿಸಿತು. ಆ ಪಟ್ಟಿಯ ಪ್ರಭಾವ ಎಷ್ಟಿತ್ತೆಂದರೆ, 2010ರಲ್ಲಿ ಅರ್ಥಸಚಿವರಾಗಿದ್ದ ಪ್ರಣಬ್ ಮುಖರ್ಜಿಯವರು ಬೆಲೆಯೇರಿಕೆಯ ವಿಷಯವಾಗಿ ವಿರೋಧಪಕ್ಷದವರೊಡನೆ ಸಮಾಲೋಚಿಸುತ್ತಿದ್ದಾಗಲೇ ಅವರಿಗೆ ಗೃಹಸಾಲ ಬೇಕೇ ಎಂದು ಕರೆ ಬಂದಿತು. ಈಗ ಬೇಡ, ಸಭೆಯಲ್ಲಿದ್ದೇನೆ, ಎಂದು ಅವರು ಹೇಳಿದರೆಂದು ಪತ್ರಿಕೆಗಳು ಬರೆದುವು. ಗಮನಿಸಬೇಕು: ದೇಶದ ಬೊಕ್ಕಸದ ಬೀಗದ ಕೈಯನ್ನು ಇಟ್ಟುಕೊಂಡವರ ಬಾಯಿಂದಲೂ ಬಂದುದು 'ಈಗ ಬೇಡ' ಎಂಬ ಮಾತೇ. ಆ ವರ್ಷದ ಕೊನೆಗೆ ಹೊಸ ವಿನಿಯಮಗಳಾದುವು. 1909 ಎಂಬ ಸಂಖ್ಯೆಗೆ ಸಂದೇಶ ಕಳಿಸಿದರೆ ಎಲ್ಲ ವ್ಯಾಪಾರಿಗಳನ್ನೂ ತಡೆಯಬಹುದು, ಅಥವಾ ಬ್ಯಾಂಕು, ನಿವೇಶನ, ವಿದ್ಯೆ, ಆರೋಗ್ಯ, ಪ್ರವಾಸ ಮೊದಲಾದ ವರ್ಗಗಳಲ್ಲಿ ಬೇಕಾದವನ್ನು ಮಾತ್ರ ಉಳಿಸಿಕೊಳ್ಳಬಹುದು. ವ್ಯಾಪಾರದ ಕರೆಯು 140 ಎಂಬ ಅಂಕಿಗಳಿಂದಲೇ ಮೊದಲಾಗತಕ್ಕದ್ದು. 2018ರಲ್ಲಿ ಇನ್ನೊಂದು ತಿದ್ದಿದ ಶಾಸನ. 2025ರ ಫೆಬ್ರವರಿಯಲ್ಲಿ ಅದಕ್ಕೂ ತಿದ್ದುಪಡಿಯಾಗಿ, ದೂರು ಕೊಡುವುದಕ್ಕೆ ಮೂರು ದಿನವಿದ್ದ ಅವಧಿಯು ಏಳು ದಿನವಾಯಿತು. ಇಷ್ಟೆಲ್ಲ ಆದರೂ, 140ರ ಬಾಗಿಲಿನಿಂದ ಬಂದರೆ ಗುರುತು ಹಿಡಿಯುವರೆಂದು ವ್ಯಾಪಾರಿಯು ನಮ್ಮ ನಿಮ್ಮಂತೆಯೇ ಹತ್ತು ಅಂಕಿಗಳ ಸಾಮಾನ್ಯ ಸಂಖ್ಯೆಯನ್ನು ಹಿಡಿದು ಬರುತ್ತಾನೆ. (ಪೊಲೀಸರ ವೇಷ ತೊಟ್ಟು ಹೆದರಿಸಿ ಹಣ ಕೀಳುವ ವಂಚಕರ ಮಾತು ಬೇರೆ, ಅವರಿಗಾಗಿ 1930 ಎಂಬ ಸಂಖ್ಯೆಯುಂಟು, ಮತ್ತು ಅವರೊಡನೆ ಶಿಷ್ಟಾಚಾರದ ಪ್ರಶ್ನೆಯಿಲ್ಲ.) ಬೇಡವೆನ್ನುವವರ ಪಟ್ಟಿಗೆ ಬದಲಾಗಿ ಬೇಕೆನ್ನುವವರ ಪಟ್ಟಿಯನ್ನೇ ಮಾಡಬಾರದೇಕೆ ಎಂಬ ಪ್ರಶ್ನೆಯೂ 2010ರ ಚರ್ಚೆಯಲ್ಲಿ ಎದ್ದಿತ್ತು. ಅದು ನೆರವೇರಲಿಲ್ಲ. ಅಂಥ ಪಟ್ಟಿಯಲ್ಲಿ ಎಷ್ಟು ಹೆಸರುಗಳಿರುತ್ತಿದ್ದುವೆಂಬುದನ್ನು ಊಹಿಸಲು ಬಹಳ ಬುದ್ಧಿ ಬೇಕಾಗಿಲ್ಲ. ಹೀಗಾಗಿ ತನ್ನ ಮನೆಯಲ್ಲಿ ತಾನು ಸುಮ್ಮನಿರಬೇಕಾದರೂ ಗೃಹಸ್ಥನೇ ಅರ್ಜಿ ಹಾಕಬೇಕೆಂಬ ಏರ್ಪಾಡು ಈಗಲೂ ನಿಂತಿದೆ. ಇದು ನನಗೆ ಎಂದೂ ನ್ಯಾಯವೆಂದು ತೋರಿಲ್ಲ.

ಮಿಯಾಪುರದಲ್ಲಿರುವ ನನ್ನ ಸೋದರಳಿಯನಿಗೆ ಇಂಥ ಚಿಂತೆಗಳಿಲ್ಲ. ಕರೆಯುವವರ ಹೆಸರನ್ನು ಮೊದಲೇ ತೋರಿಸುವ ಆ್ಯಪನ್ನು ಅವನು ಇಟ್ಟುಕೊಂಡಿದ್ದಾನೆ. ಪರಿಚಯವಿಲ್ಲದ ಸಂಖ್ಯೆಗೆ ಉತ್ತರಿಸುವುದಿಲ್ಲ. ಕೆಂಪು ಬಣ್ಣ ಕಂಡರೆ ಬ್ಲಾಕ್ ಮಾಡುತ್ತಾನೆ. "ಮಾಮಾ, ನಿಮ್ದು ಅತೀ ಆಯ್ತು. ಒಂದೇ ಮಾತು, ಬ್ಯಾಡ ಅಂತ ಇಡ್ರಿ" ಎಂದು ನನಗೆ ಬುದ್ಧಿ ಹೇಳುತ್ತಾನೆ. ಸಿಲಿಂಡರು ತರುವವನಿಗೂ ಒಮ್ಮೊಮ್ಮೆ ತನ್ನ ಅತ್ತೆಗೂ ತಾನು ಫೋನಿನಲ್ಲಿ ದೊರೆಯುವುದಿಲ್ಲವೆಂಬುದನ್ನು ಅವನು ಲೆಕ್ಕಕ್ಕೆ ಹಿಡಿದಂತಿಲ್ಲ.

ನನ್ನ ಹೆಂಡತಿಯ ಮಾರ್ಗವು ಮೂರನೆಯದು. ಹೋದ ಮಳೆಗಾಲದ ಒಂದು ಮಧ್ಯಾಹ್ನ ನಾನು ಕರೆಯೊಂದಕ್ಕೆ ಸಿಕ್ಕಿಕೊಂಡು ತೊದಲುತ್ತಿದ್ದುದನ್ನು ಕಂಡು, "ಇತ್ತ ಕೊಡ್ರಿ, ಏನ್ ಅದು ದಿನಾ ದಿನಾ" ಎಂದು ಆಕೆ ಫೋನನ್ನು ಕಸಿದುಕೊಂಡಳು. ಆ ಕಡೆಯ ಹುಡುಗಿಯು ಈ ಕನ್ನಡವನ್ನು ಕೇಳಿ ತೆಲುಗನ್ನು ಅಲ್ಲಿಯೇ ಬಿಟ್ಟು, "ಅಮ್ಮಾ, ಕನ್ನಡದವ್ರೇನ್ರೀ ನೀವು?" ಎಂದಳು. ಹುಮನಾಬಾದಿನ ಹತ್ತಿರದ ಹಳ್ಳಿಯವಳಂತೆ. ಅಮೀರಪೇಟೆಯ ಹಾಸ್ಟೆಲಿನಲ್ಲಿ ಇದ್ದಾಳಂತೆ. ಬೆಳಗಿನಿಂದ ಸಂಜೆಯವರೆಗೆ ಇಷ್ಟು ಕರೆಗಳೆಂದು ಗುರಿಯಂತೆ, ಬೈಗುಳ ಬಿದ್ದರೂ 'ಥ್ಯಾಂಕ್ ಯೂ ಸಾರ್' ಎನ್ನಬೇಕಂತೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಸಭೆಗಳಲ್ಲಿ ಗ್ರಂಥಸ್ಥ ಕನ್ನಡವನ್ನು ಕೇಳಿ ಕೇಳಿ ಒಣಗಿದ್ದ ಆಕೆಯ ಕಿವಿಗೆ ತವರಿನ ಮಾತು ಬಿದ್ದುದೇ ಸಾಕಾಯಿತು. "ತೊಗರಿ ಹ್ಯಾಂಗದವ್ವಾ ಈ ವರ್ಷ ನಿಮ್ ಕಡಿ?" ಎಂದು ಕೇಳಿದಳು. ಮಾತು ತೊಗರಿಯಿಂದ ಮಳೆಗೆ, ಮಳೆಯಿಂದ ಹುಡುಗಿಯ ತಂಗಿಯ ಮದುವೆಗೆ ಹೋಯಿತು. (ನೆಟೆರೋಗಕ್ಕೆ ಜಗ್ಗದೆ ನಮ್ಮ ಸೀಮೆಯಲ್ಲೆಲ್ಲ ಹಬ್ಬಿದ 'ಮಾರುತಿ' ತೊಗರಿಯ ಮೂಲವು ನಮ್ಮೂರ ಇಕ್ರಿಸ್ಯಾಟಿನದೇ ಎಂದು ನಾನು ನಡುವೆ ಹೇಳಹೋದೆನು, ಇಬ್ಬರೂ ಲಕ್ಷ್ಯಕೊಡಲಿಲ್ಲ.) ಕೊನೆಯಲ್ಲಿ ಹುಡುಗಿಯು ತನ್ನ ಕರ್ತವ್ಯವನ್ನು ಮರೆಯದೆ, "ಹಂಗಾದ್ರ ಐತಾರ ಒಮ್ಮೆ ಪ್ಲಾಟ್ ನೋಡ್ಲಿಕ್ಕ ಬರ್ತೀರೇನ್ರೀ ಅಮ್ಮಾ?" ಎಂದು ಕೇಳಿದಾಗ, ಸೊಪ್ಪಿನವಳನ್ನು ಗದರಿಸಿ ಕಳಿಸಬಲ್ಲ ನನ್ನ ಹೆಂಡತಿ, "ನೋಡೋಣವ್ವಾ" ಎಂದುಬಿಟ್ಟಳು.

ಭಾನುವಾರ ಹತ್ತು ಗಂಟೆಗೆ ಕಾರು ಬಂದಿತು. ಬಾಗಿಲಿಗೆ ಬಂದ ಗಾಡಿಯನ್ನು ಬರಿದೆ ಕಳಿಸಬಾರದೆಂದು ಆಕೆ ಸೀರೆ ಬದಲಾಯಿಸಿದಳು. ಕಾರಿನಲ್ಲಿ ಆಗಲೇ ರಾಮಚಂದ್ರಾಪುರದ ತೆಲುಗು ದಂಪತಿಗಳಿಬ್ಬರು ಕುಳಿತಿದ್ದರು; ವಿಚಾರಿಸಲಾಗಿ ಅವರೂ 'ಚೂದ್ದಾಂ' ಎಂದಿದ್ದರೆಂದು ತಿಳಿಯಿತು. ಇಸ್ನಾಪುರ ಸಂಗಾರೆಡ್ಡಿಗಳನ್ನು ದಾಟಿ, ಸದಾಶಿವಪೇಟೆಯ ಆಚೆ ಬಯಲಿನಲ್ಲಿ ನಿಂತು, ಇಲ್ಲಿ ಉದ್ಯಾನವು, ಇಲ್ಲಿ ಈಜುಕೊಳವು ಎಂದು ಟೈ ಕಟ್ಟಿದ ಯುವಕನು ತೋರಿಸಿದ ಕಡೆಗೆಲ್ಲ ನಾವು ನಾಲ್ವರೂ ತಲೆದೂಗಿದೆವು. ಶಾಮಿಯಾನದಲ್ಲಿ ಊಟವನ್ನೂ ಹಾಕಿದರು. ಪಲಾವು ಕೆಟ್ಟದಾಗಿರಲಿಲ್ಲ. ನನ್ನ ಹೆಂಡತಿಯು ಆ ಹುಡುಗಿಯೆಲ್ಲಿ ಎಂದು ವಿಚಾರಿಸಿದಳು. ಟೆಲಿಕಾಲರುಗಳು ನಗರದ ಆಫೀಸಿನಲ್ಲಿಯೇ ಕೂಡುವರೆಂದೂ, ಅವರಲ್ಲಿ ಯಾರೂ ಈ ಜಾಗವನ್ನು ಕಂಡವರಲ್ಲವೆಂದೂ ಯುವಕನು ಹೇಳಿದನು. ನಾವು ಬಂದುದು ಅವಳ ಲೆಕ್ಕಕ್ಕೆ ಹತ್ತುತ್ತದೆಯೇ ಎಂದು ಆಕೆ ಮತ್ತೆ ಕೇಳಿದಳು. ಹತ್ತುತ್ತದೆಂದು ತಿಳಿದ ಮೇಲೆ ಆಕೆಗೆ ಪ್ಲಾಟಿನಲ್ಲಿ ಆಸಕ್ತಿಯುಳಿಯಲಿಲ್ಲ.

ಹೊರಡುವ ಮುಂಚೆ ಫಾರಮ್ಮೊಂದನ್ನು ನನ್ನ ಕೈಗೆ ಕೊಟ್ಟರು. ಹೆಸರು, ವಿಳಾಸ, ಉದ್ಯೋಗಗಳ ಕೆಳಗೆ, ನಿವೇಶನದಲ್ಲಿ ಆಸಕ್ತಿಯುಳ್ಳ ಬಂಧುಮಿತ್ರರ ಫೋನ್ ಸಂಖ್ಯೆಗಳನ್ನು ಬರೆಯಬೇಕೆಂದಿತ್ತು. ಬರೆಯದೆ ಹಿಂದಿರುಗಿಸುವುದು ಉಂಡ ಮನೆಗೆ ಸಲ್ಲದೆಂದು ತೋರಿತು. ಕನ್ನಡಕವನ್ನು ಒರಸಿಕೊಂಡು, ಮಿಯಾಪುರದ ಸೋದರಳಿಯನ ಸಂಖ್ಯೆಯನ್ನು ಎರಡು ಸಲ ತಾಳೆನೋಡಿ ಸ್ಫುಟವಾದ ಅಂಕಿಗಳಲ್ಲಿ ಬರೆದು, ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಿಡುವಾಗಿರುತ್ತಾನೆಂದು ಪಕ್ಕದಲ್ಲಿ ಸೇರಿಸಿದೆನು.