ಚೂರು ಬೂದಿ

ತುಳಸಿಗೇರಿ ಹನುಮಪ್ಪನ ಜಾತ್ರೆಗೆ ಊರಿಗೆ ಹೋದರೆ ಓಣಿಯ ಮಕ್ಕಳಿಗೆ ನಾನು ‘ಜಾದೂ ಕಾಕಾ’. ಅವತ್ತು ಕಟ್ಟೆ ಮೇಲೆ ಕೂತು ಖಾಲಿ ಕೈಯಿಂದ ಬೂದಿ ಉದುರಿಸಿದೆ. ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಒಬ್ಬ ಅಕ್ಕ ಮಾತ್ರ ಸೆರಗೊಡ್ಡಿದರು.

“ತಮ್ಮಾ, ನನಗೂ ಚೂರು ಕೊಡಪಾ. ಮಗಳಿಗೆ ನಾಕು ದಿನದಿಂದ ಜ್ವರ ಐತಿ.”

ಎದೆ ಧಸಕ್ಕೆಂದಿತು. ಗುಟ್ಟು ಬಿಡಬಾರದು ಅನ್ನೋದು ಜಾದೂವಿನ ಮೊದಲ ಪಾಠ. ಆದರೂ ಹೇಳಿದೆ: “ಅಕ್ಕಾರ, ಇದು ಬರೇ ಒಲಿ ಬೂದಿ. ಗಂಜಿಯೊಳಗ ಕಲಸಿ, ಗುಳಿಗಿ ಮಾಡಿ ಒಣಗಿಸೇನಿ. ಹೆಬ್ಬೆರಳ ಸಂದಿಯೊಳಗ ಮುಚ್ಚಿಟ್ಕೊಂಡು ಪುಡಿ ಮಾಡೋದು, ಅಷ್ಟ.” ಒಂದನ್ನು ಅವರ ಕೈಗೇ ಕೊಟ್ಟೆ. ಉಜ್ಜಿ ನೋಡಿದರು. ಮುಖ ಸಣ್ಣದಾಯಿತು. ತಾಯಿ-ಮಗಳನ್ನು ಬೈಕ್ ಮೇಲೆ ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ದೆ. ಹುಡುಗಿ ಆರಾಮಾದಳು.

ಹುಲಿಕಲ್ ನಟರಾಜ್ ಅವರು ಊರೂರಿಗೆ ಹೋಗಿ ಇಂಥ ‘ಪವಾಡ’ಗಳ ಗುಟ್ಟು ಯಾಕೆ ಬಿಚ್ಚಿಡ್ತಾರೆ ಅಂತ ಅವತ್ತು ಅರ್ಥವಾಯ್ತು. ‘ಕಣ್ಣಿಗೆ ಮೋಸ ಮಾಡ್ತೀನಿ, ನೋಡಿ’ ಅಂತ ಜಾದೂಗಾರ ಮೊದಲೇ ಹೇಳಬೇಕು. ನಾನು ಹೇಳಿರಲಿಲ್ಲ.

ಈಗಲೂ ಬೂದಿ ಉದುರಿಸ್ತೀನಿ. ಕೊನೆಗೆ ಗುಳಿಗೆ ತೋರಿಸಿಬಿಡ್ತೀನಿ. ಮಕ್ಕಳ ಬೆರಗೇನೂ ಕಮ್ಮಿಯಾಗಿಲ್ಲ. “ಕಾಕಾ, ನಂಗೂ ಕಲಸು” ಅಂತ ಸುತ್ತುವರೀತಾರೆ.